ಎತ್ತರದ ಪ್ರಕಾರ ಜೋಡಿಸಿದ ಬಾಟಲಿಗಳು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷ.

ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ಆ ನಿಮಿಷದಲ್ಲಿ ತೆಗೆದ ಫೋಟೊ ನನ್ನ ಮೊಬೈಲಿನಲ್ಲಿದೆ. ರೋಣದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬು. ಬಿಳಿ ಕೋಟು ತೊಟ್ಟು, ಮಾಸ್ಕ್ ಹಾಕಿಕೊಂಡು, ತುರ್ತು ಷವರಿನ ಸರಪಳಿ ಹಿಡಿದು ನಿಂತಿರುವವರು ಲ್ಯಾಬ್ ಅಟೆಂಡರ್ ರಾಜೇಸಾಬ. ಅವರ ಹಿಂದೆ ಕಟ್ಟೆಯ ಮೇಲೆ ಕಂದು ಬಾಟಲಿಗಳ ಸಾಲು. ಎತ್ತರದವು ಎಡಕ್ಕೆ, ಗಿಡ್ಡವು ಬಲಕ್ಕೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಚೆಂದದ ಫೋಟೊ.

ಮೂರು ವಾರದಿಂದ ದಿನಾ ಅದನ್ನು ತೆರೆದು, ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದೇನೆ.

ನಾನು ಅಲ್ಲಿ ಕನ್ನಡದ ಗೆಸ್ಟ್ ಲೆಕ್ಚರರ್ ಎಂಬುದು ನಿಮಗೆ ಗೊತ್ತು. (ಗಜೇಂದ್ರಗಡದಿಂದ ಬಸ್ಸಿನಲ್ಲಿ ನಿಂತೇ ಬರುವ ನನ್ನ ಗೊಣಗಾಟವನ್ನು ಈ ಅಂಕಣದಲ್ಲಿ ಸಾಕಷ್ಟು ಓದಿದ್ದೀರಿ.) ಕನ್ನಡದವಳಿಗೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಏನು ಕೆಲಸ? ಪರಿಶೀಲನಾ ಸಮಿತಿ ಬರುವುದಿತ್ತು. ಸಮಿತಿ ಬರುತ್ತದೆ ಎಂದರೆ ಗೆಸ್ಟ್‌ಗಳಿಗೆ ಎಲ್ಲ ಕೆಲಸವೂ ತಮ್ಮದೇ. ಕಾಲೇಜಿನ ವೆಬ್‌ಸೈಟಿಗೆ 'ಪ್ರಯೋಗಾಲಯ ಸೌಲಭ್ಯಗಳು' ಎಂಬ ಪುಟ ಬರೆದು, ಫೋಟೊ ಹಾಕುವ ಕೆಲಸ ನನಗೆ ಬಂತು.

ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸರ್ ಒಂದೊಂದೇ ಉಪಕರಣ ತೋರಿಸುತ್ತ ಹೋದರು, ನಾನು ಬರೆಯುತ್ತ ಹೋದೆ. ಡಿಜಿಟಲ್ ತಕ್ಕಡಿ: ಇದೆ. (ಆಯುಧಪೂಜೆಯ ಕುಂಕುಮವೂ ಇದೆ.) ಬಣ್ಣ ಅಳೆಯುವ ಯಂತ್ರ: ಇದೆ. ತೆರೆದರೆ ಕೆಡುತ್ತದೆಂದು ಥರ್ಮಾಕೋಲ್ ಪೆಟ್ಟಿಗೆಯಲ್ಲೇ ಇದೆ. ಕೆಟ್ಟ ಹೊಗೆ ಹೊರಗೆ ಎಳೆಯುವ ಫ್ಯಾನು: ಇದೆ. ಪಾರಿವಾಳ ಬರುತ್ತವೆಂದು ಅದರ ಕಿಂಡಿಗೆ ರಟ್ಟು ಹೊಡೆದಿದೆ. ರಕ್ಷಣಾ ಕನ್ನಡಕ: ಗಾಜಿನ ಶೋಕೇಸಿನಲ್ಲಿ ಬೀಗ ಹಾಕಿ ಇದೆ. ಮೈಮೇಲೆ ಆಸಿಡ್ ಬಿದ್ದರೆ ಸರಪಳಿ ಎಳೆದು ತೊಳೆದುಕೊಳ್ಳುವ ತುರ್ತು ಷವರು: ಇದೆ.

"ನೀರ ಬರ್ತದೇನ್ರಿ ಸರ್?" ಅಂತ ಕೇಳಿದ್ದೆ.

"ಪೈಪ್ ಜೋಡಸೂದ ಅಷ್ಟ ಬಾಕಿ ಐತ್ರಿ. ಇದೆ ಅಂತ ಬರೀರಿ."

ಬರೆದೆ. ಸುಳ್ಳೇನಲ್ಲವಲ್ಲ. ಷವರ್ ಇತ್ತು.

ಇನ್ನು ಬಾಟಲಿಗಳ ವಿಷಯ. ಹಳೆಯ ಲೇಬಲ್ಲುಗಳು ಹಳದಿಯಾಗಿದ್ದವು. ಕಾಲೇಜಿನ ಲಾಂಛನವಿರುವ ಹೊಸ ಲೇಬಲ್ಲುಗಳು ನರಗುಂದದ ಪ್ರೆಸ್ಸಿನಿಂದ ಮಧ್ಯಾಹ್ನ ಬರಲಿದ್ದವು. ಅಷ್ಟರಲ್ಲಿ ಹಳೆಯವನ್ನು ನೆನೆಸಿ ಕಿತ್ತಿಟ್ಟರೆ ಕೆಲಸ ಹಗುರ ಎಂದು ರಾಜೇಸಾಬ ಎಲ್ಲವನ್ನೂ ಕಿತ್ತಿದ್ದರು. ಜೊತೆಗೆ ನಮ್ಮಲ್ಲೊಂದು ಪದ್ಧತಿ ಉಂಟು: ಸಮಿತಿಯವರ ಕಣ್ಣಿಗೆ ಅರ್ಧ ಖಾಲಿ ಬಾಟಲಿ ಬೀಳಬಾರದು. ಬೀಗರು ಬರುವ ಮುನ್ನ ಎರಡು ಡಬ್ಬಿಯ ಬೇಳೆಯನ್ನು ಒಂದಕ್ಕೆ ಸುರಿದಿಡುತ್ತೇವಲ್ಲ, ಹಾಗೆ. ಒಂದೇ ದ್ರವದ ಎರಡು ಅರ್ಧ ಬಾಟಲಿಗಳನ್ನು ಪಕ್ಕಪಕ್ಕ ಜೋಡಿ ಮಾಡಿಟ್ಟು, ಆಮೇಲೆ ಒಂದನ್ನು ಇನ್ನೊಂದಕ್ಕೆ ಸುರಿಯುವುದು. ಲೇಬಲ್ ಇಲ್ಲದಾಗ ಗುರುತು ಹೇಗೆ?

"ಜೋಡೀನ ಗುರುತರಿ," ಎಂದಿದ್ದರು ರಾಜೇಸಾಬ. "ಮ್ಯಾಲ ಮೂಗ ಐತಲ್ರಿ. ಮೂವತ್ತ ವರ್ಷ ಆತು, ವಾಸನಿ ಮ್ಯಾಲ ಹೆಸರ ಹೇಳ್ತೀನಿ."

ಅವರು ಕೋಟು ಹುಡುಕಲು ಒಳಗೆ ಹೋದರು. ನಾನು ಮೊಬೈಲ್ ಹಿಡಿದು ನೋಡಿದೆ. ಹಿಂದಿನ ಬಾಟಲಿಗಳ ಸಾಲು ಏರಿಳಿತವಾಗಿ, ಅಡ್ಡಾದಿಡ್ಡಿ ಕಾಣುತ್ತಿತ್ತು. ಎತ್ತರದ ಪ್ರಕಾರ ಜೋಡಿಸಿದೆ. ಅರ್ಧ ನಿಮಿಷದ ಕೆಲಸ. ಬಂದ ರಾಜೇಸಾಬರಿಗೆ ಮಾಸ್ಕ್ ಕೊಟ್ಟು, "ಇದನ್ನ ಹಾಕ್ಕೋರಿ, ಫೋಟೊಕ್ಕ ಚಲೋ ಕಾಣಸ್ತದ" ಎಂದವಳೂ ನಾನೇ.

ಜೋಡಿ ಒಡೆದೆ. ಮೂಗು ಮುಚ್ಚಿದೆ. ಆಮೇಲೆ ಕ್ಲಿಕ್. ಹನ್ನೊಂದು ಇಪ್ಪತ್ತೆರಡು.

"ಲೇಬಲ್ ಬರೂದ್ರಾಗ ಮುಗಸ್ರಿ, ಲಗೂ!" ಎಂದು ಎಚ್‌ಓಡಿ ಸರ್ ಬಾಗಿಲಿನಿಂದಲೇ ಕೂಗಿ ಹೋದರು. ರಾಜೇಸಾಬ ಮಾಸ್ಕ್ ತೆಗೆಯದೆ, ಪಕ್ಕಪಕ್ಕದ ಎರಡೆರಡು ಬಾಟಲಿ ಒಂದು ಮಾಡಿ ಮುಚ್ಚಳ ಬಿಗಿಯುತ್ತ ಹೋದರು. ನಾನು ಕಿಟಕಿಯ ಹತ್ತಿರ ನಿಂತು ಫೋಟೊದ ಬೆಳಕು ಸರಿಮಾಡುತ್ತಿದ್ದೆ.

ಮೊದಲು ಕೇಳಿದ್ದು ಒಂದು ಸಣ್ಣ ಶಬ್ದ. ಕುಕ್ಕರ್ ಕೂಗುವ ಮೊದಲು ಉಸಿರು ಎಳೆಯುತ್ತದಲ್ಲ, ಅದು. ರಾಜೇಸಾಬ ಬಗ್ಗಿ ನೋಡಿದರು. ಬಾಟಲಿ ಒಡೆಯಿತು.

ಆಮ್ಲವೂ ಸ್ಪಿರಿಟ್ಟೂ ಒಂದೇ ಬಾಟಲಿಗೆ ಬಿದ್ದಿದ್ದವು ಎಂದು ಆಮೇಲೆ ತಿಳಿಯಿತು. ಆಗ ಕಂಡದ್ದು ಕೆಂಪು ಹೊಗೆ, ಮುಖ ಮುಚ್ಚಿಕೊಂಡ ಎರಡು ಕೈ. "ಕಣ್ಣ ರೀ, ಕಣ್ಣ!" ಎನ್ನುತ್ತಿದ್ದರು. ಅವರನ್ನು ಷವರಿನ ಕೆಳಗೆ ಎಳೆದೆ. ಸರಪಳಿ ಜಗ್ಗಿದೆ. ಮತ್ತೆ ಜಗ್ಗಿದೆ. ಒಂದು ಹನಿಯೂ ಇಲ್ಲ. 'ಇದೆ' ಎಂದು ಬರೆದವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಬೇಕಿತ್ತು? ಆದರೂ ಜಗ್ಗುತ್ತಲೇ ಇದ್ದೆ.

ನಲ್ಲಿಯಲ್ಲೂ ನೀರಿಲ್ಲ. ವರಾಂಡದಲ್ಲಿ ಕುಡಿಯುವ ನೀರಿನ ಕ್ಯಾನುಗಳಿದ್ದವು. ಓಡಿಹೋಗಿ ಎತ್ತಿದರೆ ಆಫೀಸಿನ ಗುಮಾಸ್ತರು, "ಮೇಡಂ, ಅವು ಕಮಿಟಿಯವರಿಗೆ ತರ್ಸಿದ್ದರಿ..." ಎಂದರು. ಸದ್ದು ಕೇಳಿ ಹೊರಬಂದಿದ್ದ ಪ್ರಿನ್ಸಿಪಾಲರು (ಇಸ್ತ್ರಿ ಕೆಡುತ್ತದೆಂದು ಕುರ್ಚಿಗೂ ಒರಗದವರು) ಕ್ಯಾನ್ ಹೆಗಲ ಮೇಲೆ ಹೊತ್ತು ತಂದರು. ಅವರು ಸುರಿದರು, ನಾನು ರಾಜೇಸಾಬರ ರೆಪ್ಪೆ ಬಿಡಿಸಿ ಹಿಡಿದೆ. ಆರು ಕ್ಯಾನು.

ಗದಗಿನ ದವಾಖಾನೆಯ ಡಾಕ್ಟರು, ಆ ನೀರು ಬಿದ್ದದ್ದರಿಂದ ಎಡಗಣ್ಣು ಉಳಿಯಿತು ಎಂದರು. ಬಲಗಣ್ಣಿಗೆ ಮಂಜು. ಕರಗಬಹುದು, ಕರಗದೆಯೂ ಇರಬಹುದು.

ಸಮಿತಿ ಒಂದು ವಾರ ತಡವಾಗಿ ಬಂತು. ಲೇಬಲ್ಲುಗಳು ಹೊಳೆಯುತ್ತಿದ್ದವು. ಬಂದವರಲ್ಲೊಬ್ಬರು ಷವರ್ ನೋಡಿ, ನನ್ನ ಪಟ್ಟಿ ನೋಡಿ, ಟಿಕ್ ಹಾಕಿದರು. ಸರಪಳಿಗೆ ಯಾರೂ ಕೈ ಹಚ್ಚಲಿಲ್ಲ. ಅದೇ ಸಂಜೆ ರಾಜೇಸಾಬರ ಹೆಸರಿಗೆ ಮೆಮೊ ಟೈಪಾಯಿತು: 'ತಮ್ಮ ಅಜಾಗರೂಕತೆಯಿಂದ...' ಅವರ ನಿವೃತ್ತಿಗೆ ಎಂಟು ತಿಂಗಳು. ಮೂವತ್ತು ವರ್ಷದ ಕೆಲಸದ ಕೊನೆಯ ಕಾಗದ ಅದೇ ಆಗುವುದಿತ್ತು.

ನಾನು ಬಾಯಿ ಬಿಡಲಿಲ್ಲ. ಗೆಸ್ಟ್ ತಾನೇ? ಮನೆಯಲ್ಲಿ ಕುಕ್ಕರ್ ಉಸಿರೆಳೆದರೆ ಅಡುಗೆಮನೆಯಿಂದ ಹೊರಗೆ ಓಡುತ್ತಿದ್ದೆ. ನಿದ್ದೆಯ ಮಾತು ಬಿಡಿ.

ಮೂರನೆಯ ವಾರ, ಗುರುವಾರ, ರಾಜೇಸಾಬರ ಊರು ಬೆಳವಣಕಿಗೆ ಹೋದೆ. ರಾಜೇಸಾಬ ಕಪ್ಪು ಕನ್ನಡಕ ಹಾಕಿಕೊಂಡು ಹೊರಸಿನ ಮೇಲೆ ಕೂತಿದ್ದರು.

"ಬರ್ರಿ ಮೇಡಂ. ಹ್ಯಾಂಗ ಕಾಣಸ್ತೀನಿ? ಈಗೊಂದ ಫೋಟೊ ತಗೀರಿ, ಹೀರೊ ಆಗೀನಿ."

"ನೋಡ್ರಿ ಇವರ್ನ," ಎಂದರು ಅವರ ಹೆಂಡತಿ ಚಹಾ ಇಡುತ್ತ. "ಮಾರಿ ಸುಟ್ಟರೂ ಚಾಷ್ಟಿ ಸುಟ್ಟಿಲ್ಲ."

ನಗು ಬರಲಿಲ್ಲ. ಹೇಳಿಬಿಟ್ಟೆ. ಬಾಟಲಿ ಸರಿಸಿದ್ದು ನಾನು ಎಂದು. ಅವರು ಚಹಾ ಊದುತ್ತಲೇ ಇದ್ದರು.

"ಗೊತ್ತೈತ್ರಿ. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದಾಗ ಆ ಸಾಲ ಎದುರಿಗೆ ಬಂತು. ಗಿಡ್ಡ ಬಾಟಲಿ ತುದೀಗೆ ಹ್ಯಾಂಗ ಹೋತು? ನಾ ಹಂಗ ಇಡಾವಲ್ಲ. ಅಲ್ಲಿದ್ದವರು ನೀವೊಬ್ಬರ."

"ಮತ್ತ ಹೇಳಲಿಲ್ಲ ಯಾಕ?"

"ನೀವು ಗೆಸ್ಟ್ ಅದೀರಿ. ನಾಳೆನ ಬರಬ್ಯಾಡ್ರಿ ಅಂತಾರ. ನನಗ ಒಂದ ಮೆಮೊ, ಅಷ್ಟ. ನೋಡದ ಸುರಿದಾಂವ ನಾನೂ ಹೌದಲ್ರಿ."

"ಅಷ್ಟ ಅಂತ," ಎಂದರು ಹೆಂಡತಿ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ರಾತ್ರಿ ಎದ್ದ ಕುಂತ ಆ ಕಾಗದ ಕೈಯಾಗ ಹಿಡ್ಕೋತಾರ. ಓದಾಕ ಕಣ್ಣ ಇನ್ನೂ ನೆಟ್ಟಗ ಕಾಣೂದಿಲ್ಲ, ಆದರೂ ಹಿಡ್ಕೋತಾರ."

ಮರುದಿನ ನಡೆದದ್ದೆಲ್ಲವನ್ನೂ ಬರೆದು, ಆ ಫೋಟೊ ಪ್ರಿಂಟ್ ಹಾಕಿಸಿ, ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

"ಮೇಡಂ, ಇದನ್ನ ತೊಗೊಂಡ್ರ ಓದಬೇಕಾಗ್ತದ. ಓದಿದ್ರ ಏನರ ಮಾಡಬೇಕಾಗ್ತದ."

"ಹೌದ್ರಿ ಸರ್."

ಕಾಗದ ಎಳೆದುಕೊಂಡು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಪತ್ರದ ಮೇಲೆ ಸ್ವೀಕೃತಿಯ ಸಹಿ ಹಾಕಿ, ಮೆಮೊದ ಕಚೇರಿ ಪ್ರತಿಯನ್ನು ಫೈಲಿನಿಂದ ತೆಗೆದು, ಅದರ ಮೇಲೆ ಅಡ್ಡಗೆರೆ ಎಳೆದರು. "ನಿಮ್ಮ ಮುಂದಿನ ಸೆಮಿಸ್ಟರಿನ ಮಾತು ನಾ ಹೇಳಾಕ ಬರೂದಿಲ್ಲ," ಎಂದರು. ನಾನೂ ಕೇಳಲಿಲ್ಲ.

ಹೊರಬರುವಾಗ ವೆಬ್‌ಸೈಟಿನ ಪುಟ ತೆರೆದು ಒಂದು ಸಾಲು ತಿದ್ದಿದೆ. ತುರ್ತು ಷವರು: ಇದೆ. ನೀರಿಲ್ಲ. (ಇದನ್ನು ಬರೆಯುವ ಹೊತ್ತಿಗೂ ಪೈಪ್ ಬಂದಿಲ್ಲ. ನಿಮ್ಮ ಮಕ್ಕಳ ಕಾಲೇಜಿನಲ್ಲೂ ಒಂದು ಸರಪಳಿ ಇರಬಹುದು. ಒಮ್ಮೆ ಹೋಗಿ ಜಗ್ಗಿ ನೋಡುತ್ತೀರಾ?)

ಅಂದು ಶುಕ್ರವಾರ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರ್ ನಾಲ್ಕು ಸಲ ಕೂಗಿತಂತೆ. ಮಲಗಿದ್ದ ನನಗೆ ಒಂದೂ ಕೇಳಲಿಲ್ಲ.