ಅಡುಗೆಕೋಣೆಯ ಮೂರು ಸುಳ್ಳುಗಳು

ನನ್ನ ಹೊಟ್ಟೆ ಹೀಗೆ ಮುಂದೆ ಬಂದಿರುವುದಕ್ಕೆ ಸರ್ಕಾರವೇ ಹೊಣೆ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. ನೀವಾದರೂ ನಂಬಬೇಕು, ಏಕೆಂದರೆ ನಿಯಮವೇ ಹಾಗಿದೆ. ಶಾಲೆಯ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರರಲ್ಲಿ ಒಬ್ಬರು ತಿಂದು ನೋಡಬೇಕು. ಹಿಂದೆ ಅರಮನೆಗಳಲ್ಲಿ ಇಂಥದೇ ಒಂದು ಹುದ್ದೆ ಇತ್ತಂತೆ. ಒಬ್ಬ ಬಡಪಾಯಿ ಮೊದಲ ತುತ್ತು ನುಂಗಬೇಕು. ಅವನು ನೆಟ್ಟಗೆ ನಿಂತಿದ್ದರೆ ರಾಜ ಊಟಕ್ಕೆ ಕೂರುತ್ತಿದ್ದ. ಅವನಿಗೆ ನಿದ್ದೆ ಹೇಗೆ ಬರುತ್ತಿತ್ತೋ, ಇತಿಹಾಸ ಬರೆದವರು ಕೇಳಿದಂತಿಲ್ಲ. ನನ್ನ ರಾಜರು ಒಂದನೇ ಇಯತ್ತೆಯಿಂದ ಏಳನೇ ಇಯತ್ತೆಯವರೆಗೆ ಇದ್ದಾರೆ, ತಟ್ಟೆ ಬಡಿಯುತ್ತ ಸಾಲಾಗಿ ಕೂತಿರುತ್ತಾರೆ. ನಾನಾದರೋ ಒಂದೇ ತುತ್ತಿಗೆ ತೀರ್ಪು ಕೊಡುವ ಆತುರಗಾರನಲ್ಲ. ಅನುಮಾನ ಪೂರ್ತಿ ಬಗೆಹರಿಯಲೆಂದು ಇನ್ನೊಂದು ಸೌಟು ಸಾಂಬಾರು ಹಾಕಿಸಿಕೊಳ್ಳುತ್ತೇನೆ.

ಮೂಡಲಗಿ ತಾಲೂಕಿನ ಸಣ್ಣ ಊರು ನಮ್ಮದು. ಶಾಲೆಯ ಮೂರು ಕಡೆ ಕಬ್ಬು, ಒಂದು ಕಡೆ ರಸ್ತೆ. ನಾನು ಇಲ್ಲಿ ಹೆಡ್‌ಮಾಸ್ತರ. ಅಡುಗೆಕೋಣೆಯಲ್ಲಿ ಮೂವರಿದ್ದಾರೆ. ಹಿರಿಯರು ಗಂಗವ್ವ, ಒಗ್ಗರಣೆಯೂ ಅವರದೇ, ಬೈಗುಳವೂ ಅವರದೇ. ಸುವರ್ಣಾ ಜೈನರ ಮನೆಯವರು, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿಗೆ ಆಡುತ್ತ ಬೇಳೆ, ತರಕಾರಿ ನೋಡಿಕೊಳ್ಳುತ್ತಾರೆ. ಎಲ್ಲರಿಗಿಂತ ಆಮೇಲೆ ಬಂದವರು ಮೆಹಬೂಬಿ. ಮೊಟ್ಟೆಯ ದಿನ ಗಂಗವ್ವ, ಸುವರ್ಣಾ ಇಬ್ಬರೂ ಮೊಟ್ಟೆ ಮುಟ್ಟುವುದಿಲ್ಲ. ಮೆಹಬೂಬಿ ಹಿಂದಿನ ಕಟ್ಟೆಯ ಮೇಲೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು ಕುದಿಸುತ್ತಾರೆ. ಅಷ್ಟರಲ್ಲಿ ಅವರ ಪಾಲಿನ ಉಳ್ಳಾಗಡ್ಡಿಯನ್ನು ಉಳಿದಿಬ್ಬರು ಹೆಚ್ಚಿಡುತ್ತಾರೆ. ಇದನ್ನು ಯಾರೂ ಸಭೆ ಕೂಡಿಸಿ ಗೊತ್ತುಮಾಡಿದ್ದಲ್ಲ.

ಈ ವರ್ಷ ಊರಿಗೆ ಹಳದಿ ವ್ಯಾನೊಂದು ಬರತೊಡಗಿತು. ಟೈ ಕಟ್ಟಿಕೊಂಡ ಮಕ್ಕಳನ್ನು ತುಂಬಿಕೊಂಡು ಗೋಕಾಕದ ಕಡೆ ಹೋಗುತ್ತದೆ. ನಮ್ಮ ಸಾಲು ಗಿಡ್ಡವಾಯಿತು. ಮೇಲಿನ ಸಾಹೇಬರು ಫೋನು ಮಾಡಿ, ಉಣ್ಣುವ ಮಕ್ಕಳು ಕಡಿಮೆಯಾದ ಮೇಲೆ ಅಡುಗೆಯವರೂ ಒಬ್ಬರು ಕಡಿಮೆಯಾಗಬೇಕು, ಕೊನೆಗೆ ಸೇರಿದವರನ್ನು ಬಿಡಿಸಿ ಎಂದರು. ಎಂದರೆ ಮೆಹಬೂಬಿ. ಅವರ ಗಂಡ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ; ಮನೆ ನಡೆಯುವುದು ಈ ಸಣ್ಣ ಪಗಾರದಲ್ಲೇ. ಮೂವರನ್ನೂ ಕರೆದು ವಿಷಯ ತಿಳಿಸಿದೆ. ಗಂಗವ್ವ ಬೈಯುವುದನ್ನೂ ಮರೆತು, ತೊಳೆದಿಟ್ಟ ಸೌಟನ್ನೇ ಮತ್ತೆ ತೊಳೆಯತೊಡಗಿದರು.

ಮರುದಿನ ಶನಿವಾರ. ನಾನು ಬಿಸಿಬೇಳೆಬಾತು ಬಾಯಿಗಿಟ್ಟು, ಅದು ನಾಲಿಗೆ ಸುಟ್ಟು ಒದ್ದಾಡುತ್ತಿದ್ದಾಗ ಗಂಗವ್ವ ಬಂದರು.

"ಸರ, ಮೊಣಕಾಲ ಭಾಳ ಹಿಡದಾವ್ರಿ. ನನ್ನ ಕಡಿಂದ ಇನ್ನ ಆಗಂಗಿಲ್ಲ. ನನ್ನ ಹೆಸರ ತಗದ್ಬಿಡ್ರಿ, ಆಕಿ ಇರ್ಲಿ."

ನಾನು ತಲೆಯಾಡಿಸಿದೆ. ಬಾಳೆಹಣ್ಣು ಸುಲಿದು ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಸುವರ್ಣಾ ಬಂದು, ಮನೆಯಲ್ಲೇ ಕೂತು ಜಂಪರ ಹೊಲಿಯುವ ವಿಚಾರವಿದೆ, ತಮ್ಮನ್ನೇ ಬಿಡಿಸಬೇಕು ಎಂದರು. ತಲೆಯಾಡಿಸಿದೆ. ಶಾಲೆ ಬಿಟ್ಟ ಮೇಲೆ ಗೇಟಿನ ಹೊರಗೆ ಎಲೆ ಅಡಿಕೆ ಹಾಕಿಕೊಂಡು ನಿಂತಿದ್ದಾಗ ಮೆಹಬೂಬಿ.

"ಹುಕ್ಕೇರಿ ಮಗಳು ಬಾ ಅಂತ ಜೀವಾ ತಿನ್ನಾಕತ್ತಾಳ್ರಿ ಸರ. ನಾ ಖುಷೀಲೆ ಹೊಂಟೇನಿ. ಅವರಿಬ್ರಿಗೂ ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಂತ ಹೇಳ್ರಿ."

ಆಗಲೂ ತಲೆಯಾಡಿಸಿದೆ. ನಾನು ತಲೆಯಾಡಿಸಿದ್ದರ ತಾತ್ಪರ್ಯ 'ತಡೀರಿ, ಬಾಯಿ ಖಾಲಿ ಆಗಲಿ' ಎಂಬುದಷ್ಟೇ. ಸೋಮವಾರ ಮೂವರನ್ನೂ ಕೂರಿಸಿ ಮಾತಾಡಿದರಾಯಿತು ಎಂದುಕೊಂಡು ಭಾನುವಾರ ಆರಾಮಾಗಿ ಮಲಗಿದೆ.

ಸೋಮವಾರ ಅಡುಗೆಕೋಣೆಗೆ ಬೀಗ. ತಾನು ಬಿಟ್ಟಾಯಿತು, ಉಳಿದಿಬ್ಬರು ಬರುತ್ತಾರೆ ಎಂದು ಒಬ್ಬೊಬ್ಬರೂ ಮನೆಯಲ್ಲೇ ಉಳಿದಿದ್ದರು. ಇದು ನನಗೆ ಹೊಳೆಯುವಷ್ಟರಲ್ಲಿ ಮಕ್ಕಳು ಗಡಿಯಾರ ನೋಡತೊಡಗಿದ್ದರು. ಇನ್ನೇನು ಮಾಡುವುದು? ಬೀಗ ತೆಗೆದು ಪಂಚೆ ಮೇಲೆ ಕಟ್ಟಿದೆ. ಗಣಿತದ ಮಾಸ್ತರು ಅಕ್ಕಿಗೆ ನೀರೆಷ್ಟು ಎಂದು ಲೆಕ್ಕ ಹಾಕಿಕೊಟ್ಟರು. ಲೆಕ್ಕ ಸರಿಯಿದ್ದಿರಬೇಕು, ಅಕ್ಕಿಯೇ ಹಟ ಮಾಡಿತು. ತಳದಲ್ಲಿ ಇದ್ದಿಲು, ಮೇಲೆ ಹಸಿ ಕಾಳು, ನಡುವೆ ಸ್ವಲ್ಪ ಅನ್ನ. ಹೊಲದ ಕಡೆಯ ಗೋಡೆಯ ಮೇಲೆ ಸಾಲಾಗಿ ತಲೆಗಳು ಎದ್ದವು. ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದವರ ಮಕ್ಕಳು. ಪಂಚೆ ಕಟ್ಟಿದ ಹೆಡ್‌ಮಾಸ್ತರ ಸೌಟು ಹಿಡಿದು ಕುಣಿಯುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು.

ಕುಕ್ಕರಿನ ಸೀಟಿ ಇಲ್ಲ, ಸುಟ್ಟ ವಾಸನೆ ಮಾತ್ರ ಊರಿಗೆಲ್ಲ ಹಬ್ಬಿದೆ. ಮೂರು ಓಣಿಗಳಿಂದ ಮೂವರೂ ಓಡಿ ಬಂದು ಬಾಗಿಲಲ್ಲಿ ಎದುರುಬದುರಾದರು. ಶನಿವಾರ ಯಾರು ಯಾವ ಕಾರಣ ಹೇಳಿ ಬಿಟ್ಟರೆಂದು ನಾನು ಅಲ್ಲೇ ಬಾಯಿಬಿಟ್ಟೆ.

"ಯಾಕಬೇ, ಹುಕ್ಕೇರಿಗೆ ಹೋಗ್ಲಿಲ್ಲೇನ? ಮಗಳು ಬಾಣಂತನಕ್ಕ ಬಂದು ನಿನ್ನ ಮನ್ಯಾಗ ಕುಂತಾಳ, ನೀ ಯಾರನ್ನ ನೋಡಾಕ ಹೊಂಟಿದ್ದಿ?" ಎಂದರು ಗಂಗವ್ವ.

"ನಿಮ್ಮ ಮೊಣಕಾಲ ಹೆಂಗ ಅದಾವ್ರಿ ಅಕ್ಕಾ? ಮೊನ್ನೆ ಅಂಕಲಗಿ ಬಸ್ಸಿನ ಬೆನ್ನ ಹತ್ತಿ ಓಡಿದವರು ಯಾರ್ರಿ?" ಎಂದರು ಮೆಹಬೂಬಿ.

"ಮತ್ತ ಈಕಿ ಜಂಪರ ಹೊಲೀತಾಳಂತ! ಸೂಜ್ಯಾಗ ದಾರಾ ಪೋಣಸಾಕ ನನ್ನ ಮನಿಗೆ ಬರ್ತಾಳ," ಎಂದು ಗಂಗವ್ವ ಸುವರ್ಣಾ ಕಡೆ ತಿರುಗಿದರು.

ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೂವರೂ ಅತ್ತರು. ನಾನೂ ಅತ್ತೆ, ಹೊಗೆಯೆಂದು ಹೇಳಿಕೊಂಡೆ. ಗಂಗವ್ವ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ನಡುವಿನ ಅನ್ನವನ್ನು ಬಿಡಿಸಿ ತೆಗೆದು, ಇನ್ನೊಂದು ಪಾತ್ರೆಗೆ ಹೊಸದಾಗಿ ಅಕ್ಕಿ ಹಾಕಿ, ಕೊನೆಗೂ ಒಂದು ಊಟ ಸಿದ್ಧವಾಯಿತು. ಬಡಿಸುತ್ತಿದ್ದ ಸುವರ್ಣಾ ಗೋಡೆಯ ಕಡೆ ನೋಡಿ, "ಜೇವ್ಲಾ ಕಾ ರೇ?" ಎಂದು ಕೇಳಿದರು. ಊಟ ಆಯಿತೇ ಎಂದು ತಮ್ಮ ಭಾಷೆಯಲ್ಲಿ ಕೇಳಿಸಿಕೊಂಡ ಮಕ್ಕಳ ನಗು ನಿಂತಿತು. ಒಂದು ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಬಾಯಲ್ಲಿ ಏನೂ ಇರಲಿಲ್ಲ.

ಅವರೂ ಪಂಕ್ತಿಯಲ್ಲಿ ಕೂತರು. ತಟ್ಟೆ ಸಾಲದೆ ಕೆಲವರಿಗೆ ಡಬರಿಯ ಮುಚ್ಚಳದಲ್ಲಿ ಬಡಿಸಿದ್ದಾಯಿತು. ಸಾಲು ಅಡುಗೆಕೋಣೆಯಿಂದ ಧ್ವಜದ ಕಟ್ಟೆ ದಾಟಿ ಬೇವಿನ ಮರದವರೆಗೂ ಹೋಯಿತು. ನಾನು ಆ ಸಾಲನ್ನು ನೋಡಿದೆ, ಗಂಗವ್ವ ನನ್ನನ್ನು ನೋಡಿದರು.

"ಇವ್ರೂ ಹುಡುಗೂರ ಅಲ್ಲೇನ್ರಿ ಸರ?"

ಹೌದಲ್ಲ! ದಿನಾ ಗೋಡೆಯಾಚೆ ಆಡುತ್ತಿದ್ದ ಮಕ್ಕಳನ್ನು ಯಾರೂ ಕರೆದಿರಲಿಲ್ಲ. ಸಂಜೆ ನಾವು ನಾಲ್ವರೂ ಗುಡಿಸಲುಗಳಿಗೆ ಹೋದೆವು. ಸುವರ್ಣಾ ಮರಾಠಿಯಲ್ಲಿ ಮಾತಾಡಿದರು, ಮೆಹಬೂಬಿ ಕೂಸುಗಳನ್ನು ಎತ್ತಿಕೊಂಡರು, ಗಂಗವ್ವ ತಾಯಂದಿರಿಗೆ ಮೊದಲ ಭೇಟಿಯಲ್ಲೇ ಬೈದರು. ಮರುದಿನ ಮಕ್ಕಳು ತಲೆ ಬಾಚಿಕೊಂಡು ಶಾಲೆಗೆ ಬಂದರು, ಹಾಜರಿಯಲ್ಲಿ ಅವರ ಹೆಸರು ಬರೆದುಕೊಂಡೆ. ಸಾಹೇಬರು ತಾವೇ ಬಂದು ಸಾಲು ನೋಡಿ, ಸದ್ಯಕ್ಕೆ ಮೂವರೂ ಇರಲಿ ಎಂದು ಹೋದರು.

ಆ 'ಸದ್ಯಕ್ಕೆ' ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಕಬ್ಬಿನ ಹಂಗಾಮು ಮುಗಿದರೆ ಈ ಮಕ್ಕಳು ಬಂಡಿ ಹತ್ತಿ ಹೋಗುತ್ತಾರೆ. ನಿನ್ನೆ ತಡೆಯಲಾರದೆ ಮೂವರ ಎದುರೇ ಕೇಳಿಬಿಟ್ಟೆ, ಆಮೇಲೆ ಏನು ಮಾಡುವುದೆಂದು.

"ಆವಾಗ ನಾ ಬಿಡ್ತೇನಿ," ಎಂದರು ಗಂಗವ್ವ.

"ನೀವ್ಯಾಕ್ರಿ? ನಾ ಬಿಡ್ತೇನಿ," ಎಂದರು ಮೆಹಬೂಬಿ.

"ಇಬ್ರೂ ಸುಮ್ಮ ಕುಂದರ್ರಿ, ಬಿಡಾಕ ನಾ ಅದೇನಿ," ಎಂದು ಸುವರ್ಣಾ ಈಳಿಗೆ ಬಿಟ್ಟು ಎದ್ದೇ ನಿಂತರು. ದನಿಗಳು ಏರಿದವು. ಪಾತ್ರೆಗಳೂ ಸದ್ದು ಮಾಡಿದವು. ಕುರ್ಚಿ ಹಿಡಿಯಲು ಕಚ್ಚಾಡುವವರನ್ನು ನನ್ನ ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ, ಬಿಡಿಸಿದ್ದೇನೆ ಕೂಡ. ಈ ಜಗಳವನ್ನು ಮಾತ್ರ ಬಿಡಿಸಲು ಮನಸ್ಸಾಗದೆ ಬಾಗಿಲಲ್ಲೇ ನಿಂತು ಕೇಳಿದೆ.