ಕುಗ್ಗಿದ್ದು ನೂಲಲ್ಲ

ನಗುವಾಗ ಅವರ ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ತೆರೆದೇ ಇರುತ್ತಿತ್ತು. ಯಾರು ನಕ್ಕರು, ಯಾರು ನಗಲಿಲ್ಲ ಎಂದು ಆ ಒಂದು ಕಣ್ಣು ಕೂತವರ ಮುಖದ ಮೇಲೆಲ್ಲ ಓಡಾಡಿ ಬರುತ್ತಿತ್ತು. ದೊಡ್ಡ ವಿಜ್ಞಾನಿ. ಟಿವಿಯಲ್ಲಿ ಬರುತ್ತಿದ್ದವರು, ಸಾಲೆಯ ಗೋಡೆಗಳ ಮೇಲೆ ಫೋಟೊ ಇದ್ದವರು. ಎಲ್ಲರೂ ಅವರ ನಗೆಯನ್ನು ಹೊಗಳುತ್ತಾರೆ. ಆ ಕಣ್ಣಿನ ಮಾತು ಯಾರೂ ಎತ್ತುವುದಿಲ್ಲ.

ನನ್ನ ತವರು ಮುಧೋಳ ತಾಲೂಕಿನ ಸಣ್ಣ ಹಳ್ಳಿ. ಕೊಟ್ಟಿದ್ದು ಬನಹಟ್ಟಿಯ ನೇಕಾರರ ಮನೆಗೆ. ತವರೂರ ಹೊರಗೆ ಒಂದು ಸವಳು ಕೆರೆಯಿದೆ. ನೀರು ಬರೀ ಉಪ್ಪು. ಕುಡಿಯಲು ಬರುವುದಿಲ್ಲ, ಪೈರಿಗೆ ಬಿಟ್ಟರೆ ಪೈರು ಸುಡುತ್ತದೆ. ಆದರೆ ಬೇಸಿಗೆಯಲ್ಲಿ ದಂಡೆಯ ಮೇಲೆ ಹಪ್ಪಳದಂತೆ ಏಳುವ ಬಿಳಿ ಸವಳು ನಮಗೆ ಬೇಕಿತ್ತು. ಅದನ್ನು ಕೆರೆದು ತಂದು, ನೀರಿಗೆ ಹಾಕಿ ನೂಲು ಕುದಿಸಿದರೆ ಹತ್ತಿಯ ಜಿಡ್ಡು ಬಿಟ್ಟು ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಅಂಗಡಿಯ ಸೋಡಾ ಬಂದ ಮೇಲೂ ನಾನು ಸವಳು ಬಿಟ್ಟವಳಲ್ಲ. ವರ್ಷಕ್ಕೊಮ್ಮೆ, ಕಾರ ಹುಣ್ಣಿಮೆಯ ಮರುದಿನ, ಚೀಲ ಹಿಡಿದು ತವರಿಗೆ ಹೋಗುತ್ತಿದ್ದೆ. ನನ್ನ ತಂಗಿಯನ್ನು ಅದೇ ಊರಲ್ಲಿ ಕೊಟ್ಟಿದ್ದರು. ಅವಳ ಮನೆ ಕೆರೆಗೆ ಎದುರು.

ಅವರನ್ನು ಮೊದಲು ನೋಡಿದ್ದು ಆ ಕೆರೆಯಲ್ಲೇ. ಪ್ಯಾಂಟು ಮೊಣಕಾಲಿಗೆ ಮಡಚಿ, ನೀರಲ್ಲಿ ನಿಂತು, ಬೆರಳು ಅದ್ದಿ ನೆಕ್ಕುತ್ತಿದ್ದರು. ಯಾರೋ ತಲೆ ಕೆಟ್ಟವರು ಎಂದುಕೊಂಡೆ.

"ಯಪ್ಪಾ, ಬಾಯಾಗ ಇಟ್ಕೋಬ್ಯಾಡ್ರಿ. ಅದರಾಗ ದಿನಾ ಎಮ್ಮಿ ಬೀಳ್ತಾವು."

"ಹೌದ್ರಿ ಅಕ್ಕಾರ, ಉಪ್ಪಿನ ಹಿಂದ ಎಮ್ಮಿ ರುಚೀನೂ ಹತ್ತಾಕತ್ತೈತಿ" ಎಂದು ಇನ್ನೊಮ್ಮೆ ನೆಕ್ಕಿದರು.

ನನಗೆ ನಗು ತಡೆಯಲಿಲ್ಲ. ತಂಗಿಯ ಮನೆಗೆ ಕರೆದೊಯ್ದು ರೊಟ್ಟಿ ಹಾಕಿದೆವು. ಕೆರೆಗಳ ನೀರು ಪರೀಕ್ಷೆ ಮಾಡುವ ದೊಡ್ಡ ವಿಜ್ಞಾನಿ ಎಂದು ಅಲ್ಲಿ ತಿಳಿಯಿತು. ಪಲ್ಯಕ್ಕೆ ಉಪ್ಪು ಬೇಕೇ ಎಂದರೆ, "ನಾ ಕೆರಿಯಾಗ ತಿಂದು ಬಂದೇನ್ರಿ" ಎಂದರು. ಆ ಹೊತ್ತಿನಲ್ಲೇ ನಾನು ಒಂದು ಮಾತು ಹೇಳಿದೆ. ಹಿಂದಿನ ವರ್ಷ ದಂಡೆಯ ದೊಡ್ಡ ಕಲ್ಲಿನ ಮೇಲೆ ಕೂತರೆ ಕಾಲಿಗೆ ನೀರು ಸಿಗುತ್ತಿತ್ತು, ಈ ವರ್ಷ ನೀರು ದೂರ ಸರಿದಿದೆ ಎಂದೆ.

"ದೂರ ಅಂದ್ರ ಎಷ್ಟು?"

"ಒಂದು ಸೀರಿ ಹಾಸಬಹುದು."

ಅವರು ನಗಲಿಲ್ಲ. "ಅಕ್ಕಾರ, ಪ್ರತಿ ವರ್ಷ ಇದ ದಿನ ಅಳದಿಡ್ರಿ. ನೀವು ಕಂಡದ್ದನ್ನ ಕಂಡಷ್ಟ ಹೇಳ್ರಿ. ಒಂದು ಬೆರಳು ಹೆಚ್ಚಿಲ್ಲ, ಕಡಿಮಿಲ್ಲ" ಎಂದರು.

ಮೂರನೆಯ ಇಯತ್ತೆ ಮುಗಿಸದ ನನಗೆ ಅಷ್ಟು ದೊಡ್ಡ ಮನುಷ್ಯ ಕೆಲಸ ಹಚ್ಚಿದ್ದು! ನನ್ನ ಬಳಿ ಟೇಪು ಇರಲಿಲ್ಲ, ನೂಲಿತ್ತು. ಉದ್ದನೆಯ ಒಂದೇ ಎಳೆಯನ್ನು ಮರದ ಉರುಳೆಗೆ ಸುತ್ತಿಟ್ಟೆ. ವರ್ಷಕ್ಕೊಮ್ಮೆ ಕಲ್ಲಿನಿಂದ ನೀರಿನವರೆಗೆ ಎಳೆದು, ನೀರು ಮುಟ್ಟಿದಲ್ಲಿ ಗಂಟು ಹಾಕುತ್ತಿದ್ದೆ. ಮರುವರ್ಷ ಅವರು ಬಂದಾಗ ತೋರಿಸಿದೆ. ಕಣ್ಣು ಕಿರಿದು ಮಾಡಿ ಕೇಳಿದರು, "ನೂಲು ಕುಗ್ಗಂಗಿಲ್ಲೇನ್ರಿ?"

"ಮೂರು ಸಲ ಕುದಿಸಿ ಗಂಜಿ ಕುಡಿಸೇನ್ರಿ. ಕುಗ್ಗೂದು ಎಷ್ಟೈತಿ ಅಷ್ಟೂ ಒಲಿ ಮ್ಯಾಲ ಕುಗ್ಗಿ ಮುಗದೈತಿ. ನೇಕಾರ್ತಿಗಿ ನೂಲಿನ ಪಾಠ ಹೇಳಾಕ ಬಂದೀರಿ?"

ಆದರೂ ಒಂದು ಗೇಣು ಕತ್ತರಿಸಿ ಕೊಡಿ ಎಂದರು. ಅಳೆದರು, ಕೆರೆಯ ನೀರಲ್ಲೇ ತೊಯಿಸಿದರು, ಬಿಸಿಲಿಗೆ ಒಣಗಿಸಿದರು, ಮತ್ತೆ ಅಳೆದರು. ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. "ಭಲೇ ಅಕ್ಕಾರ" ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದನ್ನು ನಾನು ಎದುರಿಗೇ ಕೂತು ನೋಡಿದ್ದೇನೆ.

ಆಮೇಲೆ ಎಷ್ಟೋ ವರ್ಷ ಬಂದು ಹೋಗಿ ಮಾಡಿದರು. ಬನಹಟ್ಟಿಯ ನಮ್ಮ ಮನೆಯಲ್ಲೇ ಇಳಿಯುತ್ತಿದ್ದರು. ಒಮ್ಮೆ ಸನ್ಮಾನದ ಶಾಲುಗಳ ಒಂದು ಗಂಟು ತಂದು ನನ್ನ ಮುಂದೆ ಸುರಿದರು. "ನೋಡ್ರಿ, ಇದರಾಗ ಒಂದರ ಹತ್ತಿದು ಐತೇನು?" ನಾನು ಒಂದೊಂದರಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟೆ. ಹತ್ತಿಯಾದರೆ ಬೂದಿಯಾಗುತ್ತದೆ, ಪಾಲಿಸ್ಟರಾದರೆ ಕರಗಿ ಗುಂಡಾಗುತ್ತದೆ. ಎಲ್ಲವೂ ಕರಗಿದವು.

"ನಿಮ್ಮ ಸನ್ಮಾನ ಒಂದೂ ಬೆಂಕಿಗೆ ತಡಿಯಂಗಿಲ್ರಿ ಸಾಹೇಬ್ರ."

ಅಂದು ಅವರು ನಕ್ಕ ನಗೆಗೆ ಪಕ್ಕದ ಮನೆಯ ಮಗ್ಗ ನಿಂತಿತು. ಆ ಮಾತನ್ನು ಊರೂರಿನ ಭಾಷಣಗಳಲ್ಲಿ ಹೇಳಿದರು. "ನಮ್ಮ ಬನಹಟ್ಟಿ ಅಕ್ಕ" ಎಂದು ಶುರು ಮಾಡಿದರೆ ಸಾಕು, ಮಂದಿ ಮುಂದೆ ಸರಿದು ಕೂರುತ್ತಿದ್ದರಂತೆ. ನಾನು ಉಬ್ಬಿಹೋಗಿದ್ದೆ. ನನ್ನ ಮಾತು ಯಾರ ಬಾಯಲ್ಲಿ, ಯಾತಕ್ಕೆ ಬೇಕಾದರೂ ಬಳಕೆಯಾಗಬಹುದು ಎಂಬ ಬುದ್ಧಿ ಆಗ ಇರಲಿಲ್ಲ.

ಅಷ್ಟರಲ್ಲಿ ತವರೂರ ಸಾಹುಕಾರನೊಬ್ಬ ಕೆರೆಗೆ ಬರುತ್ತಿದ್ದ ಹಳ್ಳಕ್ಕೆ ಮೇಲೆಯೇ ಒಡ್ಡು ಹಾಕಿಸಿ ನೀರನ್ನು ತನ್ನ ಕಬ್ಬಿಗೆ ತಿರುಗಿಸಿಕೊಂಡ. ಆವರೆಗೆ ವರ್ಷಕ್ಕೆ ಒಂದು ಸೀರೆಯಷ್ಟೇ ಸರಿಯುತ್ತಿದ್ದ ಗಂಟುಗಳು ಈಗ ನಾಲ್ಕೈದು ಸೀರೆ ಸರಿದವು. ಬಯಲಾದ ಕೆರೆಯಂಗಳದಿಂದ ಗಾಳಿ ಎದ್ದರೆ ಸವಳಿನ ಬಿಳಿ ಪುಡಿ ಊರ ಮೇಲೆ ಬೀಳುತ್ತಿತ್ತು. ಹಿಟ್ಟಿನಲ್ಲಿ ಸವಳು, ಹಾಸಿಗೆಯಲ್ಲಿ ಸವಳು. ನನ್ನ ತಂಗಿಗೆ ಕೆಮ್ಮು ಹತ್ತಿತು. ಮಾತು ಮುಗಿಸಲಾರದಂಥ ಕೆಮ್ಮು. ಗಾಳಿಯಿಂದಲೇ ಇದು, ಊರು ಬಿಡಿ ಎಂದರು ಡಾಕ್ಟರು. ಎಲ್ಲಿಗೆ ಹೋಗಬೇಕು?

ಊರವರು ಅರ್ಜಿ ಕೊಟ್ಟರು. ಸಾಹುಕಾರ, ಕೆರೆ ಮೊದಲಿನಷ್ಟೇ ಇದೆ ಎಂದ. ಅಧಿಕಾರಿಗಳು ಮುಧೋಳದಲ್ಲಿ ಸಭೆ ಕರೆದು, ಕೆರೆ ಕುಗ್ಗಿದೆ ಎಂದು ಇಷ್ಟು ವರ್ಷ ಅದನ್ನು ನೋಡಿದ ಸಾಹೇಬರೇ ಹೇಳಿದರೆ ಒಡ್ಡು ಒಡೆಸುತ್ತೇವೆ ಎಂದರು. ನಮಗೆ ಗೆದ್ದಷ್ಟೇ ಸಂತೋಷ. ಅವರು ನಮ್ಮವರಲ್ಲವೇ? ಆ ಸಲ ಮಾತ್ರ ಅವರು ನಮ್ಮ ಮನೆಯಲ್ಲಿ ಇಳಿಯಲಿಲ್ಲ. ಸಾಹುಕಾರನ ತೋಟದ ಬಂಗಲೆಯಲ್ಲಿ ಇಳಿದರು. ಕಾಲು ನೋವಿರಬೇಕು, ಬನಹಟ್ಟಿ ದೂರ ಎಂದುಕೊಂಡೆ. ಎಂಥ ಹುಚ್ಚು.

ಸಭೆಯಲ್ಲಿ ನಾನು ಉರುಳೆ ಬಿಚ್ಚಿ ಗಂಟುಗಳನ್ನು ತೋರಿಸಿದೆ. ಅವರು ಎದ್ದು ಮೈಕು ಹಿಡಿದರು. ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ನೋಡಿದರು.

"ಕೆರಿ ಸಂಗತಿ ಆಮ್ಯಾಲ ನೋಡೂಣ್ರಿ. ಹತ್ತಿ ನೂಲು ತೊಯ್ದ್ರ ಕುಗ್ಗತೈತಿ ಅನ್ನೂದು ಬನಹಟ್ಟಿ ಕೂಸಿಗೂ ಗೊತ್ತೈತಿ. ಕುಗ್ಗಿದ್ದು ನಮ್ಮ ಅಕ್ಕಾರ ನೂಲು, ಬೈಸಿಕೊಂಡಿದ್ದು ಪಾಪ ಕೆರಿ!"

ಸಭೆ ಹೋ ಎಂದು ನಕ್ಕಿತು. ಅಧಿಕಾರಿ ಕಣ್ಣೊರೆಸಿಕೊಂಡ. ನನ್ನ ತಂಗಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು, ನಕ್ಕಿದ್ದಕ್ಕೆ ಕೆಮ್ಮು ಬಂತು. ಖರೆ ಹೇಳುತ್ತೇನೆ, ನಾನೂ ನಕ್ಕೆ. ಅವರು ಬಾಯಿ ತೆರೆದರೆ ನಗುವುದು ನನಗೆ ಅಷ್ಟು ರೂಢಿಯಾಗಿತ್ತು. ನಗು ಇಳಿಯುವ ಹೊತ್ತಿಗೆ ಸಭೆ ಏಳುತ್ತಿತ್ತು. ಒಡ್ಡು ಉಳಿಯಿತು.

ಕಾರು ಹತ್ತುವಾಗ ಹೋಗಿ ಅಡ್ಡ ನಿಂತೆ.

"ಸಾಹೇಬ್ರ, ಆ ನೂಲು ನೀವ ತೊಯಿಸಿ, ನೀವ ಅಳದು, ನೀವ ಬರಕೊಂಡ್ರಿ."

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಕೆರಿ ಕುಗ್ಗೇತಿ ಅಂದಿದ್ರ ಅಲ್ಲೇ ಹೊಡದಾಡ್ತಿದ್ರು. ಈಗ ನಕ್ಕೋತ ಮನಿಗಿ ಹ್ವಾದ್ರು. ಛಲೋ ಆತಿಲ್ಲ?"

"ನಗಸಾಕಾದ್ರ ತೇರದಾಳದಿಂದ ಸಣ್ಣಾಟದವರನ್ನ ಕರಸ್ತಿದ್ವಿ. ನಿಮ್ಮನ್ನ ಕರಸಿದ್ದು ಖರೆ ಹೇಳಾಕ."

ಅವರು ಕಾರಿನ ಬಾಗಿಲು ಹಾಕಿಕೊಂಡರು.

ಆಮೇಲೆ ಎರಡು ಸಲ ಫೋನು ಮಾಡಿದರು. ನಾನು ಎತ್ತಲಿಲ್ಲ. ಋಣವಿಲ್ಲ ಎನ್ನಲಾರೆ. ಅಳೆಯುವುದನ್ನು ಕಲಿಸಿದವರು ಅವರೇ, ಇಂದಿಗೂ ಕಾರ ಹುಣ್ಣಿಮೆಯ ಮರುದಿನ ಹೋಗಿ ಅಳೆದು ಬರುತ್ತೇನೆ. ಕಲಿಸಿದವರು ಬಿಟ್ಟರೆಂದು ಕಲಿತವಳು ಬಿಡಬೇಕೆಂದೇನಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಟಿವಿಯವರು ದಿನವಿಡೀ ಅವರ ತಮಾಷೆಗಳನ್ನೇ ಹಾಕಿದರು. ನಾನು ಅಳಲಿಲ್ಲ. ಬನಹಟ್ಟಿಯ ಸಾಲೆಯಲ್ಲಿ ಸಂತಾಪ ಸಭೆ ಮಾಡಿ, ಅವರು ಉಂಡ ಮನೆಯವಳೆಂದು ನನ್ನನ್ನು ಕರೆದರು. ತಂಗಿ ಬರಬೇಕೆಂದಳು, ಬರಲಾಗಲಿಲ್ಲ; ಈಗ ಅವಳು ಹಾಸಿಗೆಯಲ್ಲಿ ಕೂತೇ ಉಸಿರಾಡುತ್ತಾಳೆ.

"ಆಯಿ, ಸಾಹೇಬ್ರದು ಒಂದು ನಗೆ ಮಾತು ಹೇಳ್ರಿ" ಎಂದು ಮೈಕು ಕೊಟ್ಟರು.

"ಕೆರಿ ಕುಗ್ಗೇತಿ. ಅವರಿಗೆ ಗೊತ್ತಿತ್ತು" ಎಂದೆ.

ಇದೇ ತಮಾಷೆಯ ಮೊದಲ ಸಾಲು ಎಂದುಕೊಂಡು ಮಂದಿ ಗೊಳ್ಳೆಂದು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ನಾನು ಕೈಯಲ್ಲಿ ಮೈಕು ಹಿಡಿದು, ಎಲ್ಲರ ನಗು ಮುಗಿಯುವವರೆಗೆ ನಿಂತೆ. ಮುಗಿದ ಮೇಲೆ ಅದನ್ನೇ ಮತ್ತೊಮ್ಮೆ ಹೇಳಿದೆ.

ಎರಡನೆಯ ಸಲ ಯಾರೂ ನಗಲಿಲ್ಲ.