ಬತ್ತೆ ಅಂದವನ ಪಾಡು

ನಾನು ಜೀವವಿಮೆಯ ಏಜೆಂಟ. ಹಾಗೆಂದ ಕೂಡಲೇ ನೀವು ಪುಸ್ತಕ ಮುಚ್ಚಿ ಹಿತ್ತಿಲ ಬಾಗಿಲಿನಿಂದ ಓಡಬೇಡಿ. ಬ್ರಹ್ಮಾವರದ ಆಸುಪಾಸಿನವರು ಅದನ್ನು ಬೇಕಾದಷ್ಟು ಮಾಡಿದ್ದಾರೆ. ನನ್ನ ಕೊಡೆಯ ತುದಿ ಗದ್ದೆಯಂಚಿನಲ್ಲಿ ಕಂಡರೆ ಸಾಕು, ಗಟ್ಟಿಮುಟ್ಟಾದ ಗಂಡಸರು ಹುಲ್ಲುಕುತ್ರಿಯ ಹಿಂದೆ ಅಡಗಿ ಕೂರುತ್ತಾರೆ. ಅವರಿಗೆ ಸಾವಿನ ಹೆದರಿಕೆ ಅಷ್ಟಿಲ್ಲ, ಹೊರಡುವಾಗ ನಾನು ಹೇಳುವ "ಬತ್ತೆ" ಎಂಬ ಮಾತಿನ ಹೆದರಿಕೆ.

"ಬತ್ತೆ" ಅಂದರೆ ಬರುತ್ತೇನೆ. ಆದರೆ ಕುಂದಾಪುರದ ಕಡೆ ಅದನ್ನು ಹೇಳುವುದು ಹೋಗುವಾಗ. ಹೊಸಿಲು ದಾಟುವವ "ಹೋತೆ" ಅಂದರೆ ಅಪಶಕುನ. ಬರುವುದಕ್ಕೂ ಹೋಗುವುದಕ್ಕೂ ಒಂದೇ ಕ್ರಿಯಾಪದದಲ್ಲಿ ಸುಧಾರಿಸಿಕೊಳ್ಳುವ ನಮ್ಮ ಜಾಣತನವನ್ನು ಯಾವ ವ್ಯಾಕರಣ ಪಂಡಿತರೂ ಹೊಗಳಿದ್ದನ್ನು ನಾನು ಕಾಣೆ. ಒಂದು ಕಡೆ ಮಾತ್ರ ಆ ಶಬ್ದ ಬಾಯಿಂದ ಹೊರಡಬಾರದು, ಸಾವಿನ ಮನೆಯಲ್ಲಿ. ಅಲ್ಲಿ ಕೂತವರು ಸುಮ್ಮನೆ ಎದ್ದು, ಹೆಗಲಿನ ಬೈರಾಸು ಟವೆಲನ್ನು ಕೊಡವಿ, ಚಪ್ಪಲಿ ಹುಡುಕಿಕೊಂಡು ನಡೆಯಬೇಕು.

ಬಾರ್ಕೂರಿನಲ್ಲಿ ಅರುವತ್ತು ದಾಟಿದ ಪದ್ದಕ್ಕನಿಗೆ ಬಾಯಿಯೊಳಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಊರವರೆಲ್ಲ ನೋಡಲು ಹೋದರು. ಕಿತ್ತಳೆ ಕೊಟ್ಟರು, ಬೆಳೆಯ ಮಾತಾಡಿದರು, ಆಮೇಲೆ ಬೈರಾಸು ಕೊಡವಿ ಸುಮ್ಮನೆ ಎದ್ದು ಹೋದರು. ಯಾರೂ ಬೇಕೆಂದು ಮಾಡಿದ್ದಲ್ಲ. ಇಂಥ ಕಾಯಿಲೆಯ ಮನೆಯಲ್ಲಿ "ಬತ್ತೆ" ಅನ್ನಲು ನಾಲಿಗೆ ಹೆದರಿತು, ಅಷ್ಟೆ.

ನಾನೂ ಹೋದೆ. ಅಂಗಳದಲ್ಲೇ ಅವರ ತಮ್ಮನ ಹೆಂಡತಿ ಅಡ್ಡ ನಿಂತು, "ಇವ್ರಿಗೆ ಈಗ ಪಾಲಿಸಿ ಮಾಡ್ಸುಕ್ ಬಂದ್ರಿಯಾ?" ಎಂದು ಕೇಳಿದರು. ದೇವರಾಣೆ ಇಲ್ಲ ಎಂದು ಒಳಗೆ ಹೋಗಿ, ಎಲ್ಲರಂತೆ ಭತ್ತದ ಬಗ್ಗೆ ಮಾತಾಡಿ ಎದ್ದೆ. ಎದ್ದವನ ಹಾಳು ಬಾಯಿ ರೂಢಿಬಲದಿಂದ "ಬತ್ತೆ ಪದ್ದಕ್ಕ" ಅಂದುಬಿಟ್ಟಿತು! ತಮ್ಮನ ಹೆಂಡತಿ ಕಣ್ಣು ಕೆಕ್ಕರಿಸಿದರು. ಗೋಡೆಗೆ ಮುಖ ಮಾಡಿ ಮಲಗಿದ್ದ ಪದ್ದಕ್ಕ ಎದ್ದು ಕೂತರು.

"ಯಾವತ್ತ್ ಬತ್ರಿ?"

ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಈ ಪ್ರಶ್ನೆಯನ್ನು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ. ತಬ್ಬಿಬ್ಬಾಗಿ "ಸೋಮವಾರ" ಅಂದೆ.

"ಬರ್ಕ್ ಮತ್ತೆ. ಬಂದವ್ರೆಲ್ಲ ಸುಮ್ನೆ ಎದ್ಕಂಡ್ ಹೋತ್ರ್. ನಾನ್ ಆಗ್ಳೇ ಸತ್ತಾಯ್ತಾ?"

ಹೀಗೆ ಬಾಯ್ತಪ್ಪಿ ಆಡಿದ ಒಂದು ಮಾತಿನಿಂದ ನಾನು ಸಮಾಜಸೇವಕನಾದೆ. ಸೋಮವಾರ ಬಂತೆಂದರೆ ಬಾರ್ಕೂರಿನ ಬಸ್ಸು ಹತ್ತುವುದು. ಬೊಂಬಾಯಿಯ ಆಸ್ಪತ್ರೆಗೆ ಹೋಗಿ ಕಿರಣದ ಚಿಕಿತ್ಸೆ ತೆಗೆದುಕೊಂಡರೆ ಪದ್ದಕ್ಕ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ಅಲ್ಲಿ ಪದ್ದಕ್ಕನ ತಮ್ಮನದೇ ಹೋಟೆಲಿತ್ತು. ಆದರೆ ಪದ್ದಕ್ಕ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಆ ಚಿಕಿತ್ಸೆಗೆ ನಮ್ಮವರು ಹೇಳುವುದು "ಕರೆಂಟ್ ಕೊಡುವುದು" ಎಂದು. "ಊರಿಗೇ ಬರ್ದಿದ್ ಕರೆಂಟ್ ನನ್ ಬಾಯಿಗ್ ಎಂತಕ್ ಮಾರಾಯ್ರೆ?" ಅಂದರು.

ಜನರನ್ನು ಒಪ್ಪಿಸುವುದೇ ನನ್ನ ಹೊಟ್ಟೆಪಾಡಲ್ಲವೇ? ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಕಾಣಿ ಪದ್ದಕ್ಕ, ನಾಳೆ ನೀವೇ ಇಲ್ದೆ ಹೋರೆ..." ವಿಮೆಯ ಪಾಠ! ಬೇರೆ ಪಾಠ ನನಗೆ ಬಂದರೆ ತಾನೆ? ಅರ್ಧದಲ್ಲಿ ನಾಲಿಗೆ ಕಚ್ಚಿಕೊಂಡೆ. ಪದ್ದಕ್ಕ ದವಡೆ ಹಿಡಿದುಕೊಂಡು ನಕ್ಕರು. ನೋವಾಗುತ್ತಿತ್ತು, ಆದರೂ ನಕ್ಕರು.

"ನೀವ್ ಸಮಾಧಾನ ಮಾಡುಕ್ ಬಂದದ್ದಾ, ಹೆದ್ರ್ಸುಕಾ?"

"ಹೆದ್ರಿಕೆ ಆತಾ?" ಎಂದು ಕೇಳಿದೆ.

"ಆತ್ತ್. ಸಮಾ ಆತ್ತ್. ತಮ್ಮನಿಗೆ ಹೋಟ್ಲ್ ಬಿಟ್ ಏಳುಕ್ ಪುರ್ಸೊತ್ತಿಲ್ಲ. ಗುರ್ತಿಲ್ದಿದ್ ಜನರ ಮಧ್ಯೆ ನಾನ್ ಒಬ್ಳೇ ಮನ್ಕಂಬುದಲ್ದಾ?"

ಬಿಸಿಲಿಲ್ಲ, ಮಳೆಯಿಲ್ಲ, ನಾನು ಕೂತಲ್ಲೇ ಕೊಡೆ ಬಿಚ್ಚಿ ಮತ್ತೆ ಮಡಚಿದೆ. ಪದ್ದಕ್ಕನೇ ಕೇಳಿದರು, "ನೀವ್ ಬತ್ರಿಯಾ ಬೊಂಬಾಯಿಗೆ?"

"ಬತ್ತೆ" ಅಂದೆ.

ಈ ಸಲ ಅದಕ್ಕೆ ಬರುತ್ತೇನೆ ಎಂದೇ ಅರ್ಥ. ಅದನ್ನು ಮನೆಯಲ್ಲಿ ಹೆಂಡತಿಗೆ ವಿವರಿಸುವಷ್ಟರಲ್ಲಿ ಸಾಕೋ ಸಾಕಾಯಿತು. ಬೊಂಬಾಯಿಯಲ್ಲಿ ದಿನಾ ಪದ್ದಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಪಕ್ಕದಲ್ಲಿ ಕೂತವರ ಹತ್ತಿರ ವಿಮೆಯ ವಿಷಯ ಎತ್ತಲಿಲ್ಲ. ನನ್ನ ಸೇವೆಯಲ್ಲಿ ಅತಿ ಕಷ್ಟದ್ದು ಅದೇ. ಚಿಕಿತ್ಸೆಗೆ ಬಾಯಿ ಬೆಂದು ಗಂಜಿತಿಳಿಯನ್ನೂ ನುಂಗಲಾರದೆ ಪದ್ದಕ್ಕ ಅತ್ತರು, ನನ್ನನ್ನೂ ಡಾಕ್ಟರನ್ನೂ ಒಟ್ಟಿಗೆ ಬೈದರು, ಆಮೇಲೆ ಮೆಲ್ಲಗೆ ಗುಣವಾದರು. ಮಳೆಗಾಲಕ್ಕೆ ಮೊದಲು ಊರಿಗೆ ಬಂದೆವು. "ಇನ್ ನೀವ್ ನಿಮ್ ಕೆಲ್ಸ ಕಾಣಿ" ಎಂದು ನನ್ನನ್ನು ಕಳಿಸಿಕೊಟ್ಟರು.

ಕೆಲಸ ಕಾಣುತ್ತಲೇ ಇದ್ದೆ. ಆದರೆ ಸೋಮವಾರ ಬಂದಾಗ ಕಾಲು ನನ್ನ ಮಾತು ಕೇಳಲಿಲ್ಲ, ಬಾರ್ಕೂರಿನ ಬಸ್ಸು ಹತ್ತಿಬಿಟ್ಟಿತು. ಪದ್ದಕ್ಕ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನನ್ನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟರು.

"ಹ್ವಾಯ್, ಈಗೆಂತಕ್ ಬಂದ್ರಿ? ನಂಗ್ ಗುಣ ಆಯ್ತಲ್ದಾ?"

"ನಂಗ್ ಆಯ್ಲಿಲ್ಲ ಪದ್ದಕ್ಕ" ಅಂದೆ.